ಕಟ್ಟೆಯ ಮೇಲಿನ ಇಂಗ್ಲಿಷು

ಮಾರ್ತಾಂಡ ಮಾಸ್ತರರು ಒಮ್ಮೆ ಹೇಳಿದರೆ ಮುಗಿಯಿತು, ಅದನ್ನು ಬದಲಿಸುವವರಿಲ್ಲ ಎಂದು ಗದುಗಿನಲ್ಲಿ ಎಲ್ಲರೂ ಹೊಗಳುತ್ತಿದ್ದರು. ಅವರ ಜೊತೆ ನಲವತ್ತೆರಡು ವರ್ಷ ಬಾಳಿದ ಅಂಬುಬಾಯಿ ಮಾತ್ರ ಆ ಹೊಗಳಿಕೆಗೆ ದನಿಗೂಡಿಸಿದವಳಲ್ಲ. ಇಂಗ್ಲಿಷಿನಲ್ಲಿ ಎರಡೇ ಎರಡು ಅಂಕ ಕಡಿಮೆ ಬಿದ್ದುವೆಂದು ಸ್ವಂತ ಮಗ ವಾಸುದೇವನನ್ನೇ ನಪಾಸು ಮಾಡಿ ಒಂದು ವರ್ಷ ಕೂಡಿಸಿದ ಮನುಷ್ಯ ಅವರು. ಆ ಸಿಟ್ಟಿಗೆ ಅಂಬುಬಾಯಿ ಆ ವರ್ಷ ಯುಗಾದಿಗೆ ಹೋಳಿಗೆ ಮಾಡಲಿಲ್ಲ. ಮಾಸ್ತರರು ಅದನ್ನು ಗಮನಿಸಲೂ ಇಲ್ಲ.

ಅಂಥವರ ಮನೆಗೆ, ಐವತ್ತಾರನೇ ಇಸವಿಯಲ್ಲಿ, ಗಣಪತಿಯನ್ನು ಕಳಿಸಿದ ಮರು ಭಾನುವಾರ ಸಂಗಪ್ಪ ಬಂದ. ಬೆಟಗೇರಿಯ ಹಾದಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನು ಇಟ್ಟುಕೊಂಡವನು. ಹೆಣ್ಣುಮಕ್ಕಳ ಹೈಸ್ಕೂಲಿನ ಕಮಿಟಿಯಲ್ಲಿ ಮೆಂಬರ. ಆ ಹೈಸ್ಕೂಲಿನಲ್ಲೇ ಅಂಬುಬಾಯಿಯ ಸೊಸೆ ಕಮಲಾಬಾಯಿ ಎರಡು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದಳು. ಸಂಗಪ್ಪ ಹುಡುಗನಾಗಿದ್ದಾಗ ಮಾಸ್ತರರ ಕೈಕೆಳಗೆ ಮೂರು ವರ್ಷ ಕಲಿತವನು. ಈಗ ಐವತ್ತರ ಹತ್ತಿರ ಬಂದಿದ್ದರೂ ಅವರ ಎದುರಿಗೆ ಎಲೆಯಡಿಕೆ ಹಾಕುತ್ತಿರಲಿಲ್ಲ.

"ಮಾಸ್ತರ, ತಪ್ಪ ತಿಳಕೋಬ್ಯಾಡ್ರಿ," ಎಂದು ಶುರುಮಾಡಿದ. "ನಮ್ಮ ನೀಲವ್ವ ನಿಮ್ಮ ಸೊಸಿಯವರ ಕ್ಲಾಸಿನ್ಯಾಗ ಅದಾಳ. ಅಕ್ಕೋರು ಇಂಗ್ಲೀಷ ಪಾಠಾ ಕನ್ನಡದಾಗ ಹೇಳ್ತಾರಂತ."

"ಕನ್ನಡದಾಗ?"

"ಕನ್ನಡದಾಗರಿ. ಸಾಬರ ಹುಡುಗಿ ಒಬ್ಬಾಕಿ ಅದಾಳ, ಆಕಿಗೆ ಉರ್ದುದಾಗ. ದರ್ಜಿಯವರ ಮನ್ಯಾಗ ಮರಾಠಿ ಆಡತಾರ, ಆ ಹುಡುಗಿಗೆ ಮರಾಠಿಯಾಗ. ಸಾಲಿ ಐತೋ ಸಂತಿ ಐತೋ? ಕನ್ನಡ ನಮ್ಮ ಮನ್ಯಾಗ ಪುಕ್ಕಟ ಸಿಗತೈತಿ. ಅದನ್ನ ಕಲ್ಯಾಕ ಮಗಳನ್ನ ಹೈಸ್ಕೂಲಿಗೆ ಕಳಸಬೇಕೇನ್ರಿ?"

ಒಳಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಅಂಬುಬಾಯಿಗೂ ಮಾತು ನ್ಯಾಯದ್ದೇ ಎನ್ನಿಸಿತು.

"ನವಂಬರ ಒಂದಕ್ಕ ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರತೇವಿ," ಎಂದ ಸಂಗಪ್ಪ. "ಅದಕ್ಕ ಮೊದಲ ಯಾರನ್ನ ಖಾಯಂ ಮಾಡೂದು, ಯಾರನ್ನ ಬಿಡೂದು ಅಂತ ಕಮಿಟಿ ಯಾದಿ ಮಾಡಾಕತ್ತೈತಿ. ನೀವು ಒಮ್ಮೆ ಕ್ಲಾಸ ನೋಡಿ ರಿಪೋರ್ಟ ಬರದು ಕೊಡ್ರಿ. ನೀವು ಇಡಬೇಕು ಅಂದ್ರ ಇಡತೇವಿ, ಬ್ಯಾಡ ಅಂದ್ರ ಬಿಡತೇವಿ."

"ಆಕಿ ನನ್ನ ಸೊಸಿ, ಸಂಗಪ್ಪ."

"ಅದಕ್ಕ ನಿಮ್ಮ ಕಡಿ ಬಂದೇನ್ರಿ. ಮಗನ್ನ ಫೇಲ್ ಮಾಡಿದವರು ಸೊಸಿ ಅಂತ ಸುಳ್ಳ ಬರೀತೀರೇನು?"

ಹೊಗಳಿಕೆ ಸರಿಯಾದ ಜಾಗಕ್ಕೇ ಹೋಗಿ ಬಿತ್ತು. ಮಾಸ್ತರರು ಕನ್ನಡಕ ಒರೆಸಿಕೊಂಡು ಆಗಲಿ ಎಂದುಬಿಟ್ಟರು. ಅಂಬುಬಾಯಿ ಅವಲಕ್ಕಿ ತಟ್ಟೆಯನ್ನು ಸಪ್ಪಳ ಮಾಡಿಯೇ ತಂದಿಟ್ಟಳು.

ಮಧ್ಯಾಹ್ನದ ಊಟಕ್ಕೆ ಜಗಳ ಬಡಿಸಿಕೊಂಡೇ ಬಂತು. ತಹಶೀಲ ಕಚೇರಿಯಲ್ಲಿ ಕಾರಕೂನನಾಗಿದ್ದ ವಾಸುದೇವ ಅಪ್ಪನ ಎದುರು ದನಿ ಎತ್ತುವವನಲ್ಲ. ಅವತ್ತು ಎತ್ತಿದ.

"ಅಪ್ಪಾ, ನೀವು ಒಲ್ಲೆ ಅನಬೇಕಿತ್ತು."

"ಯಾಕ? ಕ್ಲಾಸ ನೋಡೂದು ತಪ್ಪೇನು?"

"ನೀವು ಏನು ಬರೀತೀರಿ ಅನ್ನೂದು ನೋಡೂಕಿಂತ ಮೊದಲ ನನಗ ಗೊತ್ತದ. ಕ್ಲಾಸಿನ್ಯಾಗ ಒಂದು ಕನ್ನಡ ಶಬ್ದ ಬಾಯಿತಪ್ಪಿ ಬಂದ್ರ ಬೆಂಚಿನ ಮ್ಯಾಲೆ ನಿಂದ್ರಸ್ತಿದ್ರಿ. ನಾನೂ ನಿಂತೀನಿ."

"ಅದಕ್ಕ ನಿನಗ ಇವತ್ತು ಸಾಹೇಬನ ಮುಂದ ನಾಕು ಮಾತು ಆಡಲಿಕ್ಕೆ ಬರ್ತದ!"

"ಆಡಲಿಕ್ಕೆ ಬರ್ತದ. ಬೆವರೂ ಬರ್ತದ."

"ಊಟ ಮಾಡ್ರಿ ಸುಮ್ಮನ," ಎಂದು ಅಂಬುಬಾಯಿ ಇಬ್ಬರಿಗೂ ಒಂದೊಂದು ಸೌಟು ಸಾರು ಸುರಿದಳು.

ಕಮಲಾ ಅಲ್ಲಿಯ ತನಕ ಭಕ್ಕರಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆಯೇ ಹೇಳಿದಳು: "ಬರ್ರಿ ಮಾವನವರ. ಬುಧವಾರ ಎರಡನೇ ತಾಸು, ಹತ್ತನೇ ಇಯತ್ತೆ. ನಾ ಏನೂ ಮುಚ್ಚಿಡೂದಿಲ್ಲ."

ಗಂಡಸರು ಎದ್ದು ಹೋದಮೇಲೆ ಅಂಬುಬಾಯಿ ಸೊಸೆಯ ಪಕ್ಕಕ್ಕೆ ಸರಿದಳು. "ಕಮಲಾ, ನನ್ನ ಮಾತ ಕೇಳು. ಅವತ್ತ ಒಂದಿನಾ ಬರೇ ಇಂಗ್ಲಿಷ್ ಆಡಿಬಿಡು. ಅವರಿಗೂ ಸಮಾಧಾನ, ನಿನಗೂ ನೌಕರಿ ಖಾಯಂ."

"ಆಡಬಹುದು ಅತ್ಯಾ. ಆದರ ಅವತ್ತಿನ ಪಾಠ ಹುಡುಗ್ಯಾರಿಗೆ ಯಾವಾಗ ತಿಳೀಬೇಕು?"

ಅಂಬುಬಾಯಿಗೆ ಮೊದಲು ಸಿಟ್ಟು ಬಂತು. ಆಮೇಲೆ, ಹಂಚಿನ ಮುಂದೆ ಕೆಂಪಾಗಿದ್ದ ಆ ಮುಖ ನೋಡಿ, ಈ ಮನೆಯಲ್ಲಿ ಮಾಸ್ತರರಷ್ಟೇ ಹಟದ ಇನ್ನೊಬ್ಬರು ಇದ್ದಾರೆ ಎಂದು ಹೊಳೆದು ಒಳಗೊಳಗೇ ಖುಷಿಯಾಯಿತು.

ಕಮಲಾ ಲಕ್ಷ್ಮೇಶ್ವರದವಳು. ಆ ಊರು ಮಿರಜ ಸಂಸ್ಥಾನದ್ದಾಗಿದ್ದ ಕಾಲಕ್ಕೆ ಅವಳ ತಂದೆ ಅಲ್ಲಿಯ ಕಚೇರಿಯಲ್ಲಿ ಮರಾಠಿಯಲ್ಲಿ ದಫ್ತರ ಬರೆಯುತ್ತಿದ್ದರು. ಮನೆಯಲ್ಲಿ ಕನ್ನಡ, ಕಚೇರಿಯ ಮಾತು ಮರಾಠಿ, ಓಣಿಯ ತುಂಬ ಸಾಬರ ಮಕ್ಕಳ ಜೊತೆ ಆಟ. ಒಂದೇ ದಿನದಲ್ಲಿ ಮೂರು ಭಾಷೆ ದಾಟಿ ಉಣ್ಣಲು ಮನೆಗೆ ಬರುವುದು ಅವಳಿಗೆ ಚಿಕ್ಕಂದಿನ ರೂಢಿ. ಧಾರವಾಡದಲ್ಲಿ ಬಿ.ಎ. ಮುಗಿಸಿದಾಗ ಇಂಗ್ಲಿಷೂ ಆ ಸಾಲಿಗೆ ಬಂದು ಕೂತಿತ್ತು.

ಬುಧವಾರ ಮಾಸ್ತರರು ಕರೀ ಕೋಟು ಹಾಕಿ, ರುಮಾಲು ಸುತ್ತಿ, ನೋಟುಬುಕ್ಕು ಹಿಡಿದು ಹೋದರು. ಹನ್ನೆರಡೂವರೆಗೆ ತಿರುಗಿ ಬಂದವರು ಚಪ್ಪಲಿ ಬಿಡುವುದಕ್ಕೂ ಮೊದಲೇ ಶುರುಮಾಡಿದರು.

"ನಲವತ್ತು ಮಿನಿಟಿನ್ಯಾಗ ಕನ್ನಡ ವಾಕ್ಯ ಐವತ್ತೊಂದು! ಉರ್ದು ಒಂಬತ್ತು. ಮರಾಠಿ ನಾಕು. ನನ್ನ ಎದುರಿಗೇ ಆಕಿ ಒಂದಿಷ್ಟೂ ಅಂಜಲಿಲ್ಲ!"

"ಮತ್ತ ಇಂಗ್ಲಿಷು?" ಎಂದಳು ಅಂಬುಬಾಯಿ.

ಮಾಸ್ತರರು ನೋಟುಬುಕ್ಕು ತಿರುವಿದರು. ಅದನ್ನು ಅವರು ಎಣಿಸಿರಲಿಲ್ಲ.

ಸೋತೆನೆಂದು ಒಪ್ಪುವ ಜಾಯಮಾನ ಅವರದಲ್ಲ. ಸೊಸೆಯ ಇಂಗ್ಲಿಷು ಕನ್ನಡದ ಸಹವಾಸದಿಂದ ಕೆಟ್ಟಿದೆ, ಮನೆಯಲ್ಲೇ ರಿಪೇರಿ ಮಾಡಬೇಕು ಎಂದು ಅವತ್ತಿನಿಂದ ಅವಳ ಜೊತೆ ಇಂಗ್ಲಿಷಿನಲ್ಲಷ್ಟೇ ಮಾತಾಡತೊಡಗಿದರು. ಎಲೆಯ ಮುಂದೆ ಕೂತು "ಸಾಲ್ಟ್" ಎನ್ನುವರು. "ಉಪ್ಪು ಹಾಕ್ತೀನ್ರಿ, ಮಾವನವರ," ಎಂದು ಕಮಲಾ ಕನ್ನಡದಲ್ಲಿ ಬಡಿಸುವಳು. ನಾಲ್ಕನೆಯ ದಿನ ಅಂಬುಬಾಯಿ ಮಜ್ಜಿಗೆಯ ಪಾತ್ರೆಯನ್ನು ತನ್ನ ಮಗ್ಗುಲಿಗೆ ಎಳೆದುಕೊಂಡಳು.

"ನನ್ನ ಅಡಗಿಮನ್ಯಾಗ ನನಗ ತಿಳೀಲಾರದ ಮಾತು ನಡಿಯೂದಿಲ್ಲ. ಮಜ್ಜಿಗಿ ಬೇಕಾದವರು ಮಜ್ಜಿಗಿ ಅಂತ ಕೇಳ್ರಿ."

ಮಾಸ್ತರರು ಕೇಳಲಿಲ್ಲ. ಒಣ ಅನ್ನ ನುಂಗಿ, ನೀರು ಕುಡಿದು ಎದ್ದರು. ಹಾಗೆಯೇ ದಸರೆ ಬಂತು. ಮನೆಯಲ್ಲಿ ನಾಲ್ಕು ಜನ, ಮಾತು ಮಾತ್ರ ಎಣಿಸಿಟ್ಟಂತೆ. ರಿಪೋರ್ಟಿನ ಮೊದಲ ಹಾಳೆ ಮಾಸ್ತರರ ಮೇಜಿನ ಮೇಲೆ ಮಸಿದೌತಿಯ ಕೆಳಗೆ ಬಿದ್ದಿತ್ತು. ಅದರಲ್ಲಿ ಏನಿದೆಯೆಂದು ವಾಸುದೇವ ಓದಿ ಬಂದು ಹೆಂಡತಿಗೆ ಹೇಳಿದ. ಕಮಲಾ ಅದನ್ನು ಕೇಳಿ, ಹುಡುಗಿಯರ ವಹಿಗಳನ್ನು ತಿದ್ದುತ್ತ ಕೂತಳು. ಅವತ್ತು ಅವಳು ಊಟಕ್ಕೆ ಏಳಲಿಲ್ಲ. ಕ್ಲಾಸು ತಪ್ಪಿಹೋದರೆ ಈ ಹುಡುಗಿ ಬಾಡಿಹೋಗುತ್ತಾಳೆ ಎಂದು ಅಂಬುಬಾಯಿಗೆ ಅವತ್ತು ಖರೆ ಖರೆ ಹೆದರಿಕೆಯಾಯಿತು.

ಇನ್ನು ಮಾಸ್ತರರ ಇಂಗ್ಲಿಷಿನ ಮೇಲೆ ಅಂಬುಬಾಯಿಗೆ ದ್ವೇಷವೇನೂ ಇರಲಿಲ್ಲ. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಮೊದಲ ತಂಬಿಗೆ ನೀರು ತಲೆಯ ಮೇಲೆ ಬಿದ್ದೊಡನೆ ಅವರು ಇಂಗ್ಲಿಷಿನಲ್ಲಿ ಒಂದನ್ನು ಹೇಳತೊಡಗುವರು. ಏರಬೇಕಾದಲ್ಲಿ ಏರಿ, ನಿಲ್ಲಬೇಕಾದಲ್ಲಿ ನಿಂತು, ಕೊನೆಯ ತಂಬಿಗೆಗೆ ಸರಿಯಾಗಿ ಮುಗಿಸುವರು. ಹದಿಮೂರು ವರ್ಷದವಳಾಗಿ ಈ ಮನೆಗೆ ಬಂದಾಗಲೇ ಅದು ಇಂಗ್ಲಿಷಿನ ಸ್ತೋತ್ರವೆಂದು ಅವಳು ತಿಳಿದುಕೊಂಡಿದ್ದಳು. ಕೇಳಲು ಆಗ ನಾಚಿಕೆ. ಆಮೇಲೆ ಕೇಳುವುದಕ್ಕೇನೂ ಉಳಿದಿರಲಿಲ್ಲ. ಅದು ಮುಗಿಯುವ ತನಕ ಅವಳು ಒಲೆಯ ಮುಂದೆ ಬಾಯಿ ಬಿಡುತ್ತಿರಲಿಲ್ಲ.

ಬನ್ನಿ ಹಬ್ಬ ಕಳೆದ ವಾರ ಕಮಲಾ ಹೊರಗೆ ಕೂತಳು. ಅವಳು ನೌಕರಿಗೆ ಹೋಗುವ ಮಾತು ಬಂದಾಗ ಅಂಬುಬಾಯಿ ಹಾಕಿದ ಕರಾರು ಒಂದೇ ಆಗಿತ್ತು: ತಿಂಗಳಲ್ಲಿ ಆ ಮೂರು ದಿನ ರಜೆ ಹಾಕಿ, ಎಲ್ಲರ ಮನೆಯ ಹೆಂಗಸರಂತೆ ಯಾರನ್ನೂ ಮುಟ್ಟದೆ ಹೊರಗಿನ ಕಟ್ಟೆಯ ಮೇಲೆ ಕೂಡಬೇಕು. ಕಮಲಾ ಒಪ್ಪಿದ್ದಳು. ಒಪ್ಪದೆ ಹೋದವರು ಹತ್ತನೇ ಇಯತ್ತೆಯ ಹುಡುಗಿಯರು. ಸಾಲೆ ಬಿಟ್ಟೊಡನೆ ಆರೇಳು ಜನ ನೇರ ಕಟ್ಟೆಗೇ ಬರತೊಡಗಿದರು. 'ದೂರ, ದೂರ' ಎಂದು ಅಂಬುಬಾಯಿ ಎಷ್ಟು ಕೂಗಿದರೂ ಮುಂದಿನ ತಿಂಗಳು ಮತ್ತೆ ಹಾಜರು.

ಆ ದಿನಗಳಲ್ಲಿ ಪುಸ್ತಕ ಮುಟ್ಟುವಂತಿಲ್ಲ, ಪುಸ್ತಕವೆಂದರೆ ಸರಸ್ವತಿ. ಹುಡುಗಿಯೊಬ್ಬಳು ಓದುವಳು, ಕಮಲಾ ಬರಿಗೈಯಲ್ಲಿ ಕೂತು ಬಾಯಿಂದಲೇ ಬಿಡಿಸಿ ಹೇಳುವಳು. ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುವ ಮರ್ದಾನಸಾಬನ ಮಗಳು ಹಾಜಿರಾಬಿ ಮೊದಲ ಸಲ ಬಂದಾಗ, ಮಡಿಯವರ ಮನೆಯೆಂದು ಕಟ್ಟೆ ಹತ್ತದೆ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಕಮಲಾ ತನ್ನ ಚಾಪೆಯ ಅಂಚು ತಟ್ಟಿದಳು.

"ಮ್ಯಾಲೆ ಬಾ ಹಾಜಿರಾ. ಇವತ್ತ ನನ್ನ ಯಾರೂ ಮುಟ್ಟೂದಿಲ್ಲ, ನಿನ್ನೂ ಮುಟ್ಟೂದಿಲ್ಲ. ಇಬ್ಬರಿಗೂ ಒಂದೇ ಚಾಪಿ ಸಾಕು."

ಅಂಬುಬಾಯಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ವಿಚಾರ ಮಾಡಿದಳು. ಇದಕ್ಕೆ ಅಡ್ಡಿ ಹೇಳಲು ಅವಳಿಗೆ ಗೊತ್ತಿದ್ದ ಯಾವ ಮಡಿಯ ನಿಯಮವೂ ಸಿಗಲಿಲ್ಲ. ಒಳಗೆ ಹೋದಳು.

ಈ ಸಲ ಹುಡುಗಿಯರು ಬಂದಾಗ ಮಾಸ್ತರರು ಕೋಟು ತೊಟ್ಟು ಪಡಸಾಲೆಯ ಹೊಸ್ತಿಲಿಗೆ ಬಂದು ನಿಂತರು. ಪಾಠ ತಾನೇ ಮಾಡುವುದಾಗಿ ಇಂಗ್ಲಿಷಿನಲ್ಲಿ ಸಾರಿದರು. ಕಮಲಾ ತಲೆ ಆಡಿಸಿ ಕಟ್ಟೆಯ ಆ ತುದಿಗೆ ಸರಿದಳು. ಮಾಸ್ತರರು ಕಣ್ಣು ಮುಚ್ಚಿ ಶುರುಮಾಡಿದರು. ಏನು ದನಿ ಅದು! ಅರವತ್ತೆಂಟರ ಮುದುಕನೆಂದು ಯಾರೂ ಅನ್ನುವಂತಿರಲಿಲ್ಲ. ಹಾದಿಯಲ್ಲಿ ಹೋಗುವವರು ನಿಂತು ಕೇಳಿದರು.

ಒಳಗೆ ಅಂಬುಬಾಯಿಗೆ ಆಶ್ಚರ್ಯವಾಯಿತು. ಬಚ್ಚಲ ಸ್ತೋತ್ರವೇ ಅದು! ಸಾಬರ ಹುಡುಗಿಯನ್ನು ಕೂಡಿಸಿಕೊಂಡು ಸ್ತೋತ್ರ ಹೇಳಿಕೊಡುವಷ್ಟು ದೊಡ್ಡ ಮನಸ್ಸು ಇವರಿಗೆ ಯಾವಾಗ ಬಂತೋ.

ನಾಲ್ಕು ಸಲ ಹೇಳಿಕೊಟ್ಟು, ತಿಳಿಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಯಸ್ ಸರ್," ಎಂದರು ಎಲ್ಲರೂ ಒಂದೇ ಉಸಿರಿಗೆ. ಹಾಜಿರಾಬಿಯನ್ನು ಎಬ್ಬಿಸಿದರು. ಅವಳು ಎದ್ದು ನಿಂತು, ಮೊದಲಿಂದ ಕಡೆಯ ತನಕ, ಒಂದಕ್ಷರ ತಪ್ಪದೆ, ಅವರದೇ ಏರಿಳಿತದಲ್ಲಿ ಒಪ್ಪಿಸಿದಳು. ಮಾಸ್ತರರ ಮುಖ ಅರಳಿತು.

"ನೋಡಿದ್ಯಾ?" ಎಂದರು ಊಟಕ್ಕೆ ಕೂತಾಗ ಹೆಂಡತಿಗೆ. "ಒಂದು ಕನ್ನಡ ಶಬ್ದ ಇಲ್ಲದ! ಇನ್ನ ರಿಪೋರ್ಟ ಮುಗಿಸಿಬಿಡ್ತೀನಿ."

ಕಟ್ಟೆಗೆ ಊಟ ಒಯ್ದ ಅಂಬುಬಾಯಿ ಸೊಸೆಯ ಎಲೆಗೆ ಎತ್ತರದಿಂದ ಅನ್ನ ಹಾಕುತ್ತ, "ಸೋತಿ ಏನ ಹಂಗಾರ?" ಎಂದಳು.

"ಮಾವನವರ ದನಿ ಎಷ್ಟು ಚಂದ ಅದ ಅತ್ಯಾ. ಕಾಲೇಜಿನ್ಯಾಗೂ ನಮಗ ಯಾರೂ ಹಿಂಗ ಓದಿ ತೋರಿಸಿರಲಿಲ್ಲ. ಸೋತೀನೋ ಇಲ್ಲೋ, ನಾಳೆ ಹುಡುಗ್ಯಾರನ್ನ ಕೇಳಿದರ ತಿಳೀತದ."

ಮರುದಿನ ಮಾಸ್ತರರು ಪಡಸಾಲೆಯ ತೂಗುಮಂಚದಲ್ಲಿ ಪೇಪರು ಓದುತ್ತಿದ್ದರು. ಅಂಬುಬಾಯಿ ಹೊಸ್ತಿಲ ಒಳಗೆ ಮೊರ ಹಿಡಿದು ಕಡಲೆಬೇಳೆ ಹಸನು ಮಾಡುತ್ತಿದ್ದಳು. ಕಟ್ಟೆಯ ಮೇಲೆ ಕಮಲಾ ಕೇಳಿದಳು: "ನಿನ್ನಿನ ಪಾಠ ಯಾರ ಕಥಿ? ಹೇಳ್ರಿ ನೋಡೋಣ."

ಸಂಗಪ್ಪನ ಮಗಳು ನೀಲವ್ವ ಅಂದಳು: "ಅಜ್ಜಾರು ಭಾಳ ಚಂದ ಹೇಳಿದ್ರು ಅಕ್ಕೋರ. ಕೇಳಕೋತ ಕುಂಡ್ರಬೇಕು ಅನಸ್ತಿತ್ತು."

"ಹೌದು, ಚಂದ ಹೇಳಿದ್ರು. ಕಥಿ ಯಾರದು?"

"ನನಗ ಪೂರಾ ಬಾಯಿಪಾಠ ಐತ್ರಿ," ಎಂದಳು ಹಾಜಿರಾಬಿ, ತಪ್ಪು ಮಾಡಿದವಳಂತೆ. "ಕಥಿ ಅಂತ ಈಗ ನೀವು ಅಂದ ಮ್ಯಾಲೆ ಗೊತ್ತಾತ್ರಿ."

ಒಳಗೆ ತೂಗುಮಂಚ ನಿಂತಿತು.

"ಮೊದಲನೇ ವಾಕ್ಯ ಹೇಳು." ಹಾಜಿರಾಬಿ ಹೇಳಿದಳು. ಕಮಲಾ ಅದನ್ನು ಇಂಗ್ಲಿಷಿನಲ್ಲೇ ಇನ್ನೊಮ್ಮೆ ಮೆಲ್ಲಗೆ ಅಂದು, ಕನ್ನಡಕ್ಕೆ ಬಂದಳು. "ಗುಡ್ಡದ ಮ್ಯಾಲೆ ಒಂದೇ ಒಂದು ಮನಿ. ಕುರಿ ಕಾಯುವವನ ಮನಿ. ಗಂಡ ಕುರಿ ಉಣ್ಣೆ ಮಾರಲಿಕ್ಕೆ ಗುಡ್ಡದ ಆಚೆ ಊರಿಗೆ ಹೋಗ್ಯಾನ. ಹಿಂದಿಂದ ಹಿಮ ಬಿತ್ತು. ಹಾಜಿರಾ, ಬರ್ಫ್. ಆಸ್ಮಾನ್ ಸೇ ಬರ್ಫ್ ಗಿರ್ಯಾ, ರಸ್ತಾ ಬಂದ್. ನೀಲವ್ವ, ನಿಮ್ಮ ಜಿನ್ನಿನ್ಯಾಗ ಗಾಳಿ ಬಿಟ್ಟ ದಿನಾ ಹತ್ತಿ ಅರಳಿ ಹಾರಿ ಬಂದು ಬೀಳತದಲ್ಲ, ಹೆಂಗಿರತದ?"

"ಮಾಳಗಿ, ಚಕ್ಕಡಿ, ದಾರಿ ಎಲ್ಲಾ ಬೆಳ್ಳಗ ರೀ."

"ಆ ಅರಳಿ ತಣ್ಣಗಿದ್ದು, ಮೊಣಕಾಲ ಮಟ ಬಿದ್ದರ?"

"ದಾರೀನ ಸಿಗಂಗಿಲ್ರಿ!"

"ಸಿಗೂದಿಲ್ಲ. ಈಗ ಅದನ್ನ ನೀವ ಇಂಗ್ಲಿಷಿನ್ಯಾಗ ಹೇಳ್ರಿ. ಪಾಠದಾಗಿದ್ದ ಹಂಗ ಬ್ಯಾಡ, ನಿಮ್ಮ ಮಾತಿನ್ಯಾಗ."

ಹುಡುಗಿಯರು ತಡವರಿಸಿದರು, ನಕ್ಕರು, ಒಬ್ಬಳು ಅರ್ಧ ಹೇಳಿದ್ದನ್ನು ಇನ್ನೊಬ್ಬಳು ಹಿಡಿದು ಮುಗಿಸಿದಳು. ಕಮಲಾ ತಿದ್ದಿದಳು, ಮುಂದಿನ ವಾಕ್ಯಕ್ಕೆ ಹೋದಳು. ಗಂಡ ಬರಲಿಲ್ಲ. ದಿನಾ ಹೊತ್ತು ಮುಳುಗುವಾಗ ಹೆಂಡತಿ ಬಾಗಿಲಲ್ಲಿ ನಿಂತು ಹಿತ್ತಾಳೆಯ ತಾಟು ಬಾರಿಸುತ್ತಾಳೆ, ಆ ಸಪ್ಪಳದ ಜಾಡು ಹಿಡಿದಾದರೂ ಬರಲಿ ಎಂದು. ಸತ್ತವನಿಗೆ ಯಾಕೆ ಬಾರಿಸುತ್ತೀ ಎಂದರು ಕೆಳಗಿನ ಊರಿನವರು. ಐದು ದಿನವಾಯಿತು, ಆರು ದಿನವಾಯಿತು. ಅವಳು ಬಿಡಲಿಲ್ಲ.

ಅಂಬುಬಾಯಿಯ ಮೊರ ನಿಂತು ಬಹಳ ಹೊತ್ತಾಗಿತ್ತು. ಅವಳು ಹೊಸ್ತಿಲಿಂದಲೇ ಕೂಗಿ ಕೇಳಿದಳು: "ಬಂದ್ನೇನ ಅವಾ?"

"ಬಂದ ಅತ್ಯಾ, ಏಳನೇ ದಿನಾ. ತಾಟಿನ ಸಪ್ಪಳ ಕೇಳಿಕೋತ ನಡದು ಬಂದ."

"ಬಂದು ಆಕಿಗೆ ಏನಂದ?"

"ಏನೂ ಅನಲಿಲ್ಲ. ಉಂಡು ಮಲಗಿದ. ಪಾಠ ಅಲ್ಲಿಗೇ ಮುಗೀತದ."

"ಗಂಡಸರ ಬುದ್ಧಿ ಎಲ್ಲಿ ಹೋದರೂ ಅಷ್ಟೇ ಬಿಡು," ಎಂದಳು ಅಂಬುಬಾಯಿ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅವಳಿಗೆ ನಗು ಬರಲಿಲ್ಲ. ಎದ್ದು ಪಡಸಾಲೆಗೆ ಹೋದಳು. ಮಾಸ್ತರರ ಪೇಪರು ನೆಲಕ್ಕೆ ಬಿದ್ದಿತ್ತು.

"ನೀವು ದಿನಾ ಮುಂಜಾನೆ ಹೇಳೂದು ಸ್ತೋತ್ರ ಅಲ್ಲೇನ್ರಿ?"

"ಯಾವ ಸ್ತೋತ್ರ? ಅದು ರೀಡರಿನ ಪಾಠ."

"ನಾ ಸ್ತೋತ್ರ ಅಂತ ತಿಳಕೊಂಡಿದ್ದೆ. ವಾಸುಗ ವಿಷಮಜ್ವರ ಬಂದಾಗ, ಅವನ ತಲಿಕಡಿ ಕೂತು ಅದನ್ನ ಹೇಳ್ರಿ ಅಂತ ಕೈ ಮುಗದಿದ್ದೆ. ನೆನಪದ?"

ಮಾಸ್ತರರು ಪೇಪರು ಎತ್ತಿ ಮಡಚುತ್ತ ಹೇಳಿದರು: "ನೆನಪದ. ಹನ್ನೊಂದು ದಿನಾ ಹೇಳಿದೆ. ನಿನಗ ನನ್ನ ಇಂಗ್ಲಿಷ್ ಅಷ್ಟು ಸೇರತದ ಅಂತ ತಿಳದಿದ್ದೆ."

"ದೇವರು ಕೇಳ್ತಾನ ಅಂತ ತಿಳದಿದ್ದೆ ನಾ. ನಲವತ್ತೆರಡು ವರ್ಷ ನನ್ನ ಕಿವಿ ಮ್ಯಾಲೆ ಹೇಳಿದ್ರಿ. ಒಬ್ಬ ಹೆಂಗಸು ಬಾಗಲದಾಗ ನಿಂತು ತಾಟು ಬಾರಸತಾಳ ಅಂತ ಒಂದು ದಿನಾರೆ ನನಗ ಹೇಳಬೇಕು ಅನಸಲಿಲ್ಲೇನ್ರಿ? ಕಮಲಾ ಅರ್ಧ ತಾಸಿನ್ಯಾಗ ಹೇಳಿದ್ಲು. ಅದೂ ನನಗಂತ ಹೇಳಲಿಲ್ಲ, ಹುಡುಗ್ಯಾರಿಗೆ ಹೇಳಿದ್ಲು."

ಉತ್ತರಕ್ಕೆ ಅವಳು ನಿಲ್ಲಲಿಲ್ಲ, ಬೇಳೆ ಅರ್ಧ ಹಸನಾಗಿ ಬಿದ್ದಿತ್ತು. ಆದರೆ ಅವತ್ತು ಅವಳಿಗಾದ ನೋವು, ಮಗನನ್ನು ನಪಾಸು ಮಾಡಿದಾಗಲೂ ಆಗಿರಲಿಲ್ಲ.

ಮರುದಿನ ಬಚ್ಚಲಲ್ಲಿ ನೀರಿನ ಸಪ್ಪಳವಷ್ಟೇ ಕೇಳಿಸಿತು. ಅದರ ಮರುದಿನವೂ ಅಷ್ಟೇ. ಕಮಲಾ ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದು ಬಡಿಸಲು ನಿಂತಾಗ ಮಾಸ್ತರರು ತಲೆ ಎತ್ತದೆ ಹೇಳಿದರು:

"ಕಮಲಾ, ಮಜ್ಜಿಗಿ ಹಾಕವಾ."

ಅಂಬುಬಾಯಿ ಪಾತ್ರೆಯನ್ನು ಸೊಸೆಯ ಕಡೆಗೆ ಸರಿಸಿದಳು. ವಾಸುದೇವ ನಗು ಮುಚ್ಚಲು ನೀರು ಕುಡಿದ.

"ಮತ್ತ," ಎಂದರು ಮಾಸ್ತರರು, "ನಿನ್ನ ಕ್ಲಾಸಿಗೆ ನಾ ಇನ್ನೊಮ್ಮೆ ಬರಲೇನು? ಹಿಂದ ಕೂಡ್ತೀನಿ."

ಒಮ್ಮೆಯಲ್ಲ, ಒಂದು ವಾರ ಹೋದರು. ಸೊಸೆಗಿಂತ ಮೊದಲೇ ರುಮಾಲು ಸುತ್ತಿಕೊಂಡು ಬಾಗಿಲಲ್ಲಿ ನಿಲ್ಲುವರು. ಹನ್ನೆರಡೂವರೆಗೆ ಬಂದು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, ಕೇಳಲಿ ಬಿಡಲಿ, ಅಂಬುಬಾಯಿಗೆ ಅವತ್ತಿನ ಪಾಠವನ್ನೆಲ್ಲ ಹೇಳುವರು. "ಇವತ್ತ ಎಷ್ಟು ಎಣಿಸಿದ್ರಿ?" ಎಂದು ಅವಳು ಕಿಚಾಯಿಸಿದರೆ, "ಎಣಿಸಲಿಕ್ಕೆ ಹೊತ್ತೆಲ್ಲಿತ್ತು," ಎನ್ನುವರು. "ನಾ ಆಕಿನ್ನ ತಪ್ಪು ತಿಳಕೊಂಡಿದ್ದೆ. ಆಕಿ ಕನ್ನಡಕ್ಕ ಹೋಗ್ತಾಳ ಖರೆ, ಅಲ್ಲೇ ಕೂಡೂದಿಲ್ಲ. ಯಾವಾಕಿ ಹಿಂದ ಉಳದಾಳ ನೋಡಿ, ಆಕಿನ್ನ ಆಕಿ ಮಾತಿನ್ಯಾಗ ಕರಕೊಂಡು, ತಿರುಗಿ ಇಂಗ್ಲಿಷಿಗೇ ಬರ್ತಾಳ. ಒಬ್ಬಾಕಿನ್ನೂ ಬಿಟ್ಟು ಬರೂದಿಲ್ಲ." ಸೊಸೆಯ ಎದುರಿಗೆ ಈ ಮಾತು ಆಡುತ್ತಿರಲಿಲ್ಲ. ಅಂಬುಬಾಯಿ ಅದನ್ನು ಅದೇ ಸಂಜೆ ಕಮಲಾಗೆ ಮುಟ್ಟಿಸುತ್ತಿದ್ದಳು, ಸ್ವಲ್ಪ ಹೆಚ್ಚಿಗೆಯೇ ಮಾಡಿ.

ಕಮಿಟಿ ಕೂಡುವ ಹಿಂದಿನ ದಿನ ಸಂಗಪ್ಪ ರಿಪೋರ್ಟು ಒಯ್ಯಲು ಬಂದ. ದೀಪಾವಳಿಗೆ ಎರಡು ದಿನವಿತ್ತು. ಅಂಬುಬಾಯಿ ಚಕ್ಕಲಿ ಕರಿಯುತ್ತಿದ್ದಳು, ಕಮಲಾ ಒತ್ತಿ ಕೊಡುತ್ತಿದ್ದಳು. ಪಡಸಾಲೆಯ ಮಾತು ಒಳಗೆ ನಿಚ್ಚಳವಾಗಿ ಕೇಳುತ್ತಿತ್ತು.

ಮಾಸ್ತರರು ಮೂರು ಹಾಳೆ ಕೊಟ್ಟರು. ಸಂಗಪ್ಪ ತಿರುವಿ ನೋಡಿ, "ಅಕ್ಷರಾ ಮುತ್ತಿನಂಗ ಅದಾವ ನೋಡ್ರಿ. ಏನ ಬರದೀರಿ?" ಎಂದ.

"ಓದು."

ಸಂಗಪ್ಪ ಹಾಳೆಗಳನ್ನು ಮಡಚಿದ, ಬಿಚ್ಚಿದ. "ನಿಮ್ಮ ಮುಂದ ಏನ ಮುಚ್ಚಲಿ, ಮಾಸ್ತರ. ನನಗ ಇಂಗ್ಲೀಷ ಓದಾಕ ಬರೂದಿಲ್ಲ. ಕಮಿಟಿ ಕಾಗದಾ ಎಲ್ಲಾ ಇಂಗ್ಲೀಷಿನ್ಯಾಗ ಇರತಾವ. ಎಲ್ಲಾರೂ ಕೈ ಎತ್ತಿದಾಗ ನಾನೂ ಎತ್ತತೇನಿ."

"ನಾ ಹೇಳ್ತೀನಿ ಸಂಗಪ್ಪನವರ," ಎಂದು ವಾಸುದೇವ ಕೈ ಚಾಚಿದ. ಮಾಸ್ತರರು ಮಗನನ್ನು ತಡೆದು ಹಾಳೆ ತಾವೇ ತೆಗೆದುಕೊಂಡರು.

ಮೊದಲ ವಾಕ್ಯವನ್ನು ಇಂಗ್ಲಿಷಿನಲ್ಲಿ ಓದಿದರು. ಸ್ವಲ್ಪ ನಿಂತು ಕನ್ನಡದಲ್ಲಿ ಹೇಳಿದರು: "ನಾನು ಕಮಲಾಬಾಯಿಯವರ ಕ್ಲಾಸು ಏಳು ದಿನ ನೋಡೀನಿ." ಮತ್ತೆ ಇಂಗ್ಲಿಷು, ಮತ್ತೆ ಕನ್ನಡ. "ಇವರ ಕ್ಲಾಸಿನ್ಯಾಗ ತಿಳೀಲಾರದ 'ಯಸ್' ಅನ್ನೂ ಹುಡುಗಿ ಒಬ್ಬಾಕೀನೂ ಇಲ್ಲ." ಅಭ್ಯಾಸವಿರಲಿಲ್ಲ, ಒಂದು ಭಾಷೆಯಿಂದ ಇನ್ನೊಂದಕ್ಕೆ ಬರುವಾಗ ಆ ದೊಡ್ಡ ದನಿ ಎಡವುತ್ತಿತ್ತು. ಕಮಲಾ ಚಕ್ಕಲಿ ಒತ್ತುವುದನ್ನು ಬಿಟ್ಟು ಕೇಳುತ್ತ ಕೂತಳು. "ಇವರನ್ನ ಬಿಟ್ಟರ ಸಾಲಿಗೆ ನುಕಸಾನು. ಖಾಯಂ ಮಾಡ್ರಿ ಅಂತ ನನ್ನ ಶಿಫಾರಸು."

"ಅಂದ್ರ ನೀವೂ ಕನ್ನಡನ ಅಂತೀರಿ!" ಸಂಗಪ್ಪ ಸಿಡಿದ. "ನೀವು ಬರೇ ಇಂಗ್ಲೀಷಿನ್ಯಾಗ ಹೇಳತಿದ್ರಿ, ಅದಕ್ಕ ನಿಮ್ಮ ಹೆಸರ ಧಾರವಾಡದ ಮಟ ಹೋತು!"

"ಮುಂದಿನ ಬೆಂಚಿನವರಿಂದ ಹೋತು. ನೀ ಎಲ್ಲಿ ಕೂಡ್ತಿದ್ದಿ?"

"ಕಡೀಕ ರೀ."

"ಮೂರು ವರ್ಷದಾಗ ನಾ ಹೇಳಿದ್ದು ಎಷ್ಟು ತಿಳದಿತ್ತು?"

ಈಗ ಸಂಗಪ್ಪನಿಂದ ಬಂದ ದನಿ ಜಿನ್ನಿನ ಮಾಲಕನದಾಗಿರಲಿಲ್ಲ. "ಒಂದೂ ಇಲ್ರಿ. ನಿಮ್ಮ ದನಿ ಕೇಳಾಕ ಬರತಿದ್ದೆ. ಎಲ್ಲಾರಿಗೂ ತಿಳಿಯಾಕತ್ತೈತಿ, ನಾ ಒಬ್ಬನ ದಡ್ಡ ಅಂತ ತಿಳಕೊಂಡು ಸಾಲಿ ಬಿಟ್ಟೆ. ನೀಲವ್ವಗ ಹಂಗ ಆಗಬಾರದು ಅಂತನ ನಿಮ್ಮಂಗ ಕಲಸೂವ್ರು ಬೇಕು ಅಂದೇನ್ರಿ ನಾ."

"ನೀ ದಡ್ಡ ಇರಲಿಲ್ಲ."

"ಹಂಗಾರ ನನಗ ಯಾಕ ಹಿಂಗ ಕಲಸಲಿಲ್ರಿ, ಮಾಸ್ತರ?"

ಬಾಣಲೆಯ ಚಕ್ಕಲಿ ಕರ್ರಗಾಗುತ್ತಿತ್ತು. ಅಂಬುಬಾಯಿಗೆ ಅದು ಕಾಣಲಿಲ್ಲ. ಊರಿನ ಯಾರ ಎದುರಿಗೂ ತಲೆ ತಗ್ಗಿಸದ ಮನುಷ್ಯ ಈಗ ಏನು ಹೇಳುತ್ತಾರೋ ಎಂದು ಅವಳ ಜೀವ ಹಿಡಿಯಷ್ಟಾಗಿತ್ತು.

"ನನಗ ಬರತಿದ್ದಿಲ್ಲೋ, ಸಂಗಪ್ಪ," ಎಂದರು ಮಾಸ್ತರರು. "ಮೂವತ್ನಾಕು ವರ್ಷ ಕಲಿಸಿದೆ, ಇದೊಂದು ನನಗ ಬರತಿದ್ದಿಲ್ಲ. ಈಗ ಕಲೀಲಿಕ್ಕೆ ಹತ್ತೀನಿ, ನನ್ನ ಸೊಸಿ ಕಡಿಂದ."

ಅಂಬುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಮಲಾ ಅಲುಗಾಡದೆ ಕೂತಿದ್ದಳು. ಅವಳ ಹಿಟ್ಟಿನ ಕೈಯನ್ನು ಅಂಬುಬಾಯಿ ಗಟ್ಟಿಯಾಗಿ ಹಿಡಿದುಕೊಂಡಳು. ಮರುದಿನ ಕಮಿಟಿಯಲ್ಲಿ ಕಮಲಾಬಾಯಿಯ ಹೆಸರು ಖಾಯಂ ಯಾದಿಗೆ ಸೇರಿತು, ಮೊದಲು ಕೈ ಎತ್ತಿದವನು ಸಂಗಪ್ಪನೇ. ಅದೆಲ್ಲ ಮರುದಿನದ ಮಾತು. ಆ ಸಂಜೆ ಅವನು ರಿಪೋರ್ಟು ತೆಗೆದುಕೊಂಡು ಎದ್ದು ಹೋಗಬಹುದಿತ್ತು, ಹೋಗಲಿಲ್ಲ.

"ಇನ್ನ ಎಷ್ಟ ಉಳದೈತ್ರಿ?" ಎಂದು ಕೇಳಿದ.

"ಎರಡು ಹಾಳಿ. ಮುಖ್ಯ ಮಾತು ಮುಗೀತು, ಉಳದದ್ದು ನಾಳೆ ಅವರು ಓದ್ತಾರ."

ಸಂಗಪ್ಪ ಧೋತರ ಸಾವರಿಸಿಕೊಂಡು ಮಾಸ್ತರರ ಮುಂದೆ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ.

"ಅವರು ಓದೂದು ಬ್ಯಾಡ, ನೀವ ಓದ್ರಿ. ಒಂದ ಸಾಲೂ ಬಿಡಬ್ಯಾಡ್ರಿ. ಮೊದಲ ಇಂಗ್ಲೀಷಿನ್ಯಾಗ ಓದ್ರಿ, ಆಮ್ಯಾಲೆ ತಿಳಿಸಿ ಹೇಳ್ರಿ. ನಾ ಕುಂತೇನಿ."